ಮದ್ದಿಗೆ ಮೊದಲು ಮೂತಿಯ ಪರಿಚಯ

ಗಿಡಕ್ಕೆ ಹುಳು ಬಿದ್ದಿತೆಂದರೆ ನಮ್ಮಲ್ಲಿ ಮೊದಲು ನೆನಪಾಗುವುದು ಮದ್ದಿನ ಡಬ್ಬಿ. ಆ ಹುಳುವಿನ ಬಾಯಿ ಎಂತಹುದೆಂದು ವಿಚಾರಿಸುವವರು ವಿರಳ. ಭೌತಶಾಸ್ತ್ರವನ್ನು ಬೋಧಿಸುವ ನಮಗೆ ಹುಳುವಿನ ಬಾಯಿಯ ಗೊಡವೆ ಏಕೆಂದು ವಾಚಕರು ಕೇಳಬಹುದು. ಸಸ್ಯಹೇನಿನ ಬಾಯಿಯೂ ಒಂದು ಯಂತ್ರ. ಯಂತ್ರದ ರಚನೆಯನ್ನರಿಯದೆ ಅದರ ಉಪಟಳವನ್ನು ತಡೆಯಲಾಗದು ಎಂಬುದೇ ನಮ್ಮ ಉತ್ತರ.

ಸಸ್ಯಹೇನು ಮಿಡತೆಯಂತೆ ಎಲೆಯನ್ನು ಕಡಿದು ತಿನ್ನುವುದಿಲ್ಲ. ಅದರ ದವಡೆಗಳು ನಾಲ್ಕು ನೀಳವಾದ ಸೂಜಿಗಳಾಗಿ ಮಾರ್ಪಟ್ಟಿವೆ. ಹೊರಗಿನ ಎರಡು ದಾರಿ ಕೊರೆಯುತ್ತವೆ. ಒಳಗಿನ ಎರಡು ಒಂದಕ್ಕೊಂದು ಹೆಣೆದುಕೊಂಡು, ನಡುವೆ ಎರಡು ನಾಳಗಳನ್ನು ಏರ್ಪಡಿಸುತ್ತವೆ. ಒಂದರಲ್ಲಿ ಜೊಲ್ಲು ಇಳಿಯುತ್ತದೆ, ಮತ್ತೊಂದರಲ್ಲಿ ರಸ ಏರುತ್ತದೆ. ಕೆಳತುಟಿ ಇವಕ್ಕೆ ಒರೆಯಾಗಿದ್ದು, ಗಿಡದ ಹೊರಗೇ ಉಳಿಯುತ್ತದೆ. ಸೂಜಿಕಟ್ಟಿನ ದಪ್ಪ ಒಂದು ಮಿಲಿಮೀಟರಿನ ಸುಮಾರು 250ನೆಯ ಒಂದು ಭಾಗ. ನಮ್ಮ ತಲೆಗೂದಲು ಇದರ ಹತ್ತು ಪಟ್ಟಿಗೂ ಮಿಗಿಲು.

ಇಷ್ಟು ಕಿರಿದಾದ ನಾಳದಲ್ಲಿ ರಸ ಹರಿಯುವುದೆಂತು? ನಾಳದ ತ್ರಿಜ್ಯ ಅರ್ಧವಾದರೆ ಹರಿವು 16ನೆಯ ಒಂದು ಪಾಲಿಗೆ ಇಳಿಯುವುದಷ್ಟೆ. ಈ ಕೊರತೆಯನ್ನು ತುಂಬಿಕೊಡುವುದು ಗಿಡವೇ. ಸಕ್ಕರೆಯನ್ನು ಸಾಗಿಸುವ ಫ್ಲೋಯಂ ಕೊಳವೆಗಳಲ್ಲಿ ರಸವು ಸುಮಾರು 10 ವಾಯುಮಂಡಲಗಳ ಒತ್ತಡದಲ್ಲಿರಬಲ್ಲುದು. ರಸ ಹೀರುತ್ತಿದ್ದ ಸಸ್ಯಹೇನಿನ ಸೂಜಿಗಳನ್ನು ಕತ್ತರಿಸಿ ಹುಳುವನ್ನು ತೆಗೆದರೂ, ಉಳಿದ ಮೊಂಡುತುದಿಯಿಂದ ರಸ ಜಿನುಗುತ್ತಲೇ ಇರುವುದೆಂದು ಕೆನೆಡಿ ಮತ್ತು ಮಿಟ್ಲರ್ ಎಂಬ ವಿಜ್ಞಾನಿಗಳು 1953ರಲ್ಲಿ ತೋರಿಸಿಕೊಟ್ಟರು.

ಈ ಜ್ಞಾನ ಪ್ರಯೋಗಶಾಲೆಗೆ ಮಾತ್ರ ಸೇರಿದುದಲ್ಲ. ನಮ್ಮ ಪರಂಗಿ ತೋಟಗಳನ್ನು ಹಾಳುಗೆಡಹುವ ಉಂಗುರಚುಕ್ಕೆ ರೋಗದ ವೈರಸ್ಸು ಹರಡುವುದು ಈ ಸೂಜಿಗಳಿಂದಲೇ. ಸಸ್ಯಹೇನು ಪರಂಗಿಯಲ್ಲಿ ನೆಲೆಸುವುದಿಲ್ಲ. ಹಾರಿಬಂದು ಕುಳಿತು, ರುಚಿ ನೋಡಲು ಕ್ಷಣಕಾಲ ಚುಚ್ಚಿ, ಮುಂದೆ ಹೋಗುತ್ತದೆ. ವೈರಸ್ಸು ದಾಟಲು ಅಷ್ಟೇ ಸಾಕು. ಮದ್ದು ಹುಳುವನ್ನು ಕೊಲ್ಲುವ ವೇಳೆಗೆ ರೋಗ ಗಿಡವನ್ನು ಸೇರಿರುತ್ತದೆ. ರೈತನ ಹಣವೂ ಹೋಯಿತು. ಸಸ್ಯಹೇನನ್ನು ತಿಂದು ಉಪಕರಿಸುವ ಗುಲಗಂಜಿ ಹುಳುವೂ ಸತ್ತಿತು. ಇದರ ಬದಲು ತೋಟದ ಸುತ್ತ ಮುಂಚಿತವಾಗಿ ಮುಸುಕಿನ ಜೋಳದ ಸಾಲುಗಳನ್ನು ಬೆಳೆಸಿದರೆ, ಅನೇಕ ಹುಳುಗಳು ಮೊದಲು ಅಲ್ಲಿ ಚುಚ್ಚಿ, ಸೂಜಿಗಂಟಿದ ವೈರಸ್ಸನ್ನು ಅಲ್ಲಿಯೇ ಕಳೆದುಕೊಳ್ಳುತ್ತವೆ. ಇದು ಸಂಪೂರ್ಣ ಪರಿಹಾರವಲ್ಲ. ಆದರೆ ಬಾಯಿಯ ರಚನೆಯನ್ನರಿತು ಹೂಡಿದ ಉಪಾಯ.

ಮದ್ದೇ ಬೇಡವೆಂಬುದು ನಮ್ಮ ವಾದವಲ್ಲ. ಗಿಡದಲ್ಲಿ ನೆಲೆಸಿ ಹೀರುವ ಹುಳುವಿಗೆ ರಸದೊಡನೆ ಸಾಗುವ ಮದ್ದು ತಗಲೀತು. ಎಲೆಯ ಮೇಲೆಯೇ ಉಳಿದು, ಕಡಿದು ತಿನ್ನುವ ಹುಳುವಿನ ಹೊಟ್ಟೆ ಸೇರಿ ಕೊಲ್ಲುವ ವಿಷವು ಹೀರುವ ಹುಳುವಿನ ಹೊಟ್ಟೆಯನ್ನು ಸೇರುವುದೇ ಇಲ್ಲ. ಈ ಭೇದವನ್ನರಿಯದೆ ಸಿಂಪಡಿಸುವುದು ಕತ್ತಲಲ್ಲಿ ಕಲ್ಲೆಸೆದಂತೆ.

ಶಾಲಾ ಕಾಲೇಜುಗಳ ಸೂಕ್ಷ್ಮದರ್ಶಕಗಳು ಪರೀಕ್ಷೆಯ ದಿನ ಮಾತ್ರ ಬೀರುವಿನಿಂದ ಹೊರಬರುವುದು ತರವಲ್ಲ. ವರ್ಷಕ್ಕೊಮ್ಮೆಯಾದರೂ ಅವುಗಳಡಿಯಲ್ಲಿ ಸಸ್ಯಹೇನಿನ ಮೂತಿಯನ್ನಿಟ್ಟು ಊರಿನ ರೈತರಿಗೆ ತೋರಿಸಬೇಕು. 'ಯಾವ ಮದ್ದು?' ಎಂಬುದಕ್ಕೆ ಮುನ್ನ 'ಎಂತಹ ಬಾಯಿ?' ಎಂಬ ಪ್ರಶ್ನೆ ಹೊಲದಲ್ಲಿ ಹುಟ್ಟಿದಾಗಲೇ ನಮ್ಮ ವಿಜ್ಞಾನಬೋಧನೆ ಸಾರ್ಥಕವಾದೀತು.