ರಸಮಟ್ಟಕ್ಕೂ ಪರೀಕ್ಷೆ ಬೇಕು

‘ನನ್ನ ಕಣ್ಣಳತೆಯ ಮುಂದೆ ರಸಮಟ್ಟ ಯಾತಕ್ಕೆ ಟೀಚರಮ್ಮ?’ ಎನ್ನುವ ಮೇಸ್ತ್ರಿಗಳು ನಮ್ಮಲ್ಲಿ ಬಹಳ ಮಂದಿ. ಅವರ ಕೈಚಳಕದ ಬಗ್ಗೆ ನನಗೆ ಗೌರವವಿದೆ. ನೀರಿಗೆ ಆ ಗೌರವವಿಲ್ಲ. 8 ಅಡಿ ಉದ್ದದ ಬಚ್ಚಲಲ್ಲಿ ಮೋರಿಯ ಕಡೆಗಿರಬೇಕಾದ 1 ಅಂಗುಲದ ಇಳಿಜಾರು ಬಾಗಿಲ ಕಡೆಗಾದರೆ, ಅದು ನಡುಮನೆಗೇ ಬರುತ್ತದೆ.

ಕೆಲವರು ರಸಮಟ್ಟ ತರುತ್ತಾರೆ, ಅದನ್ನು ಪರೀಕ್ಷಿಸುವುದಿಲ್ಲ. ಸಾರುವೆಯಿಂದ ಹತ್ತು ಸಲ ಬಿದ್ದದ್ದು ನಿಜವನ್ನೇ ಹೇಳೀತೆಂದು ನಂಬುವುದು ಹೇಗೆ? ಒಂದೆಡೆ ಇಟ್ಟು ಗುಳ್ಳೆ ನೋಡಿ. ಅದೇ ಜಾಗದಲ್ಲಿ ತುದಿ ತಿರುಗಿಸಿಟ್ಟು ಮತ್ತೆ ನೋಡಿ. ಎರಡು ಸಲವೂ ಗುಳ್ಳೆ ಒಂದೇ ದಿಕ್ಕಿಗೆ, ಅಷ್ಟೇ ದೂರ ಸರಿದರೆ ಓರೆ ನೆಲದ್ದು; ಇಲ್ಲವಾದರೆ ತಪ್ಪು ರಸಮಟ್ಟದ್ದು.

ನೀರಿನ ಪೈಪಿನದೂ ಅಷ್ಟೇ. ಒಳಗೆ ಗಾಳಿ ಸಿಕ್ಕಿಕೊಂಡಿದ್ದರೆ, ತುದಿಗೊತ್ತಿದ ಹೆಬ್ಬೆರಳು ತೆಗೆಯದಿದ್ದರೆ, ನೀರು ಓಲಾಡುವುದು ನಿಲ್ಲುವ ಮೊದಲೇ ಗುರುತು ಹಾಕಿದರೆ ಮಟ್ಟ ತಪ್ಪುತ್ತದೆ. ಕೊನೆಗೆ ಮೊದಲ ಗುರುತಿಗೇ ಮರಳಿ ತಾಳೆ ನೋಡಬೇಕು. ಕೂಡುವ ಲೆಕ್ಕವನ್ನು ಮಕ್ಕಳು ಕಳೆದು ತಾಳೆ ನೋಡುವುದಿಲ್ಲವೇ?

ದೂರು ಮೇಸ್ತ್ರಿಯೊಬ್ಬನ ಮೇಲಲ್ಲ. ಟೈಲ್ಸಿನ ಬಣ್ಣಕ್ಕಾಗಿ ನಾಲ್ಕು ಅಂಗಡಿ ಸುತ್ತುವ ಯಜಮಾನರಿಗೆ ಮಟ್ಟ ನೋಡುವ ಅರ್ಧ ಗಂಟೆ ದಂಡವೆನಿಸುತ್ತದೆ. ಆಮೇಲೆ ದಿನವೂ ಸೊಂಟ ಬಗ್ಗಿಸಿ ಪೊರಕೆಯಿಂದ ನೀರು ತಳ್ಳುವವಳು ಮನೆಯ ಹೆಂಗಸು. ಅವಳ ಬೆನ್ನುನೋವಿನ ಲೆಕ್ಕ ಯಾವ ಬಿಲ್ಲಿನಲ್ಲೂ ಇರುವುದಿಲ್ಲ. ಆದ್ದರಿಂದ ತಾಯಂದಿರೇ, ಟೈಲ್ಸು ಕೂರಿಸುವ ಮುನ್ನ ನೀವೇ ನಿಂತು ಮಟ್ಟ ನೋಡಿಸಿ. ಒಂದು ಬಕೆಟ್ ನೀರು ಸುರಿದು ನೋಡದೆ ಕೂಲಿ ಚುಕ್ತಾ ಮಾಡಬೇಡಿ.