ಟಿಪ್ಪಣಿಯ ಮರ್ಯಾದೆ

ಬ್ರಹ್ಮಾವರದ ಸಮೀಪದ ವಾಚಕಿಯೊಬ್ಬರು ಈ ಪುಟಕ್ಕೆ ಪತ್ರ ಬರೆದು ಒಂದು ಸಂದೇಹವನ್ನು ಕೇಳಿದ್ದಾರೆ. ಕಾಲೇಜಿನಲ್ಲಿ ಓದುತ್ತಿರುವ ಅವರ ಮಗನು ಗಣಕಯಂತ್ರದಲ್ಲಿ ಪ್ರಬಂಧವೊಂದನ್ನು ಬರೆದು ಅಧ್ಯಾಪಕರಿಗೆ ಕಳುಹಿಸಿದ್ದನಂತೆ. ಅದು ಹಿಂದಿರುಗಿ ಬಂದಾಗ ಪುಟದ ಬಲಬದಿಯಲ್ಲಿ ಹದಿನೇಳು ಸಣ್ಣ ಚೌಕಗಳು, ಒಂದೊಂದರಲ್ಲಿ ಒಂದೊಂದು ಆಕ್ಷೇಪ! ಹುಡುಗನು ಅವಮಾನವಾಯಿತೆಂದು ರಾತ್ರಿಯ ಊಟವನ್ನೇ ಬಿಟ್ಟನು. "ಈ ಚೌಕಗಳೆಂದರೇನು? ಇವನ್ನು ಅಳಿಸಬಹುದೆ? ಅಳಿಸಿದರೆ ಗುರುಗಳಿಗೆ ಅವಿಧೇಯತೆ ತೋರಿದಂತಾಗುವುದೆ?" ಎಂಬುದು ತಾಯಿಯ ಪ್ರಶ್ನೆ.

ಮೂವತ್ತೈದು ವರ್ಷ ಕೆಂಪು ಶಾಯಿಯನ್ನು ಖರ್ಚುಮಾಡಿದ ನನಗೆ ಈ ಪ್ರಶ್ನೆಯು ಬಲು ಹತ್ತಿರದ್ದು. ಆದುದರಿಂದ ಸ್ವಲ್ಪ ವಿಸ್ತಾರವಾಗಿಯೇ ಬರೆಯುತ್ತೇನೆ, ವಾಚಕರು ಸೈರಿಸಬೇಕು.

ಬರೆಹವನ್ನು ಸಿದ್ಧಗೊಳಿಸುವ ಈ ಗಣಕ ತಂತ್ರಾಂಶಕ್ಕೆ ಕನ್ನಡದಲ್ಲಿ ಪದಸಂಸ್ಕಾರಕವೆಂದು ಹೆಸರಿಟ್ಟಿದ್ದಾರೆ. ಸಂಸ್ಕಾರವೆಂಬ ಶಬ್ದಕ್ಕೆ ಇಂತಹ ಒಂದು ಉದ್ಯೋಗವು ದೊರೆಯಬಹುದೆಂದು ನಮ್ಮ ಪಾಠಶಾಲೆಯ ಶಾಸ್ತ್ರಿಗಳು ಕನಸಿನಲ್ಲಿಯೂ ಎಣಿಸಿರಲಾರರು. ಅದರಲ್ಲಿ ಕಾಮೆಂಟ್ ಎಂದು ಕರೆಯುವುದು ನಮ್ಮ ಟಿಪ್ಪಣಿಯೇ. ಹೊಸತೆಂದು ಬೆದರಬೇಕಾದುದಿಲ್ಲ. ಪಾಣಿನಿಯ ಸೂತ್ರಗಳಿಗೆ ಕಾತ್ಯಾಯನನು ವಾರ್ತಿಕಗಳನ್ನು ರಚಿಸಿದನು. ಸೂತ್ರದಲ್ಲಿ ಹೇಳದೆ ಬಿಟ್ಟುದನ್ನು, ಸರಿಯಾಗಿ ಹೇಳದುದನ್ನು ಎತ್ತಿ ತೋರಿಸಿದನು. ಪತಂಜಲಿಯು ಮಹಾಭಾಷ್ಯದಲ್ಲಿ ಆ ವಾರ್ತಿಕಗಳನ್ನು ವಿಚಾರಿಸಿ, ಅನೇಕ ಕಡೆಗಳಲ್ಲಿ ಪಾಣಿನಿಯ ಪಕ್ಷವನ್ನೇ ವಹಿಸಿ ಉತ್ತರವಿತ್ತನು. ಕಾತ್ಯಾಯನನ ವಾರ್ತಿಕಗಳು ನಮಗೆ ಉಳಿದುಬಂದಿರುವುದು ಈ ಮಹಾಭಾಷ್ಯದ ಒಡಲಿನಲ್ಲಿಯೇ. ಇಷ್ಟೆಲ್ಲ ವಾದ ನಡೆದರೂ ಸೂತ್ರದ ಅಕ್ಷರವನ್ನು ಅಳಿಸಿ ತನ್ನದನ್ನು ಬರೆಯುವ ಕೆಲಸಕ್ಕೆ ಅವರಿಬ್ಬರೂ ಕೈಹಾಕಲಿಲ್ಲ.

ಓಲೆಗರಿಯ ಲಿಪಿಕಾರರಲ್ಲಿ ಎಲ್ಲರೂ ಇಷ್ಟು ಸಂಯಮಿಗಳಾಗಿರಲಿಲ್ಲ. ಬಿಟ್ಟುಹೋದ ಅಕ್ಷರವನ್ನು ಹಂಸಪಾದ ಹಾಕಿ ಅಂಚಿನಲ್ಲಿ ಬರೆಯುವುದು ವಾಡಿಕೆ. ಓದುಗನೊಬ್ಬನು ತನ್ನ ಅರ್ಥವನ್ನು ಅದೇ ಅಂಚಿನಲ್ಲಿ ಬರೆದಿಟ್ಟರೆ, ಮುಂದಿನ ಲಿಪಿಕಾರನು ಅದೂ ಬಿಟ್ಟುಹೋದ ಭಾಗವೆಂದೇ ತಿಳಿದು ಮೂಲದೊಳಗೆ ಸೇರಿಸಿಬಿಡುತ್ತಿದ್ದನು. ಪುಣೆಯ ಭಂಡಾರ್ಕರ್ ಸಂಶೋಧನಾಲಯದ ಪಂಡಿತರು 1919ರಲ್ಲಿ ಆರಂಭಿಸಿದ ಮಹಾಭಾರತದ ಪರಿಷ್ಕರಣವು ಮುಗಿದುದು 1966ರಲ್ಲಿ. ಮೂಲವಾವುದು, ಆಮೇಲೆ ಸೇರಿದುದಾವುದು ಎಂದು ಬೇರ್ಪಡಿಸುವುದೇ ಅಲ್ಲಿನ ಮುಖ್ಯ ಶ್ರಮವಾಗಿತ್ತು.

ಗಣಕದ ಟಿಪ್ಪಣಿಯಲ್ಲಿ ಈ ಬೆರಕೆಗೆ ಆಸ್ಪದವಿಲ್ಲ. ಮೂಲದ ಒಂದು ಪದವನ್ನೋ ವಾಕ್ಯವನ್ನೋ ಮೌಸಿನಿಂದ ಆರಿಸಿಕೊಂಡು, ಕೀಲಿಮಣೆಯಲ್ಲಿ ಕಂಟ್ರೋಲ್, ಆಲ್ಟ್, ಎಂ ಎಂಬ ಮೂರನ್ನು ಒಟ್ಟಿಗೆ ಒತ್ತಿದರೆ ಬದಿಯಲ್ಲಿ ಚೌಕವು ತೆರೆದುಕೊಳ್ಳುತ್ತದೆ. ಇದು ಮೈಕ್ರೋಸಾಫ್ಟ್ ವರ್ಡ್ ಮತ್ತು ಗೂಗಲ್ ಡಾಕ್ಸ್‌ಗಳ ಕ್ರಮ; ಲಿಬ್ರೆ ಆಫೀಸಿನಲ್ಲಿ ಎಂ ಬದಲಿಗೆ ಸಿ. ಚೌಕದಲ್ಲಿ ಬರೆದುದು ಬರೆದವರ ಹೆಸರಿನೊಡನೆ ನಿಲ್ಲುತ್ತದೆ. ಮೂಲದ ಒಂದು ಅಕ್ಷರವೂ ಅಲುಗುವುದಿಲ್ಲ. ಅದರ ಕೆಳಗೆ ಲೇಖಕರು ಉತ್ತರವನ್ನು ಬರೆಯಬಹುದು. ಹೆಸರಿನ ವಿಷಯದಲ್ಲಿ ಒಂದು ಎಚ್ಚರಿಕೆ: ಯಂತ್ರಕ್ಕೆ ಗೊತ್ತಿರುವುದು ಅದರಲ್ಲಿ ದಾಖಲಾದ ಹೆಸರು ಮಾತ್ರ. ನಾನು ಅಣ್ಣನ ಮಗನ ಯಂತ್ರದಲ್ಲಿ ಕುಳಿತು ವೃದ್ಧ ವಿದ್ವಾಂಸರೊಬ್ಬರ ಲೇಖನದಲ್ಲಿ ಸಂಧಿದೋಷಗಳನ್ನು ತೋರಿಸಿದುದೆಲ್ಲವೂ ಇಪ್ಪತ್ತೆರಡು ವರ್ಷದ ಆ ಹುಡುಗನ ಹೆಸರಿನಲ್ಲಿ ಹೋಯಿತು. ಅವನ ಪಾಂಡಿತ್ಯಕ್ಕೆ ಅವರು ಇಂದಿಗೂ ತಲೆದೂಗುತ್ತಿದ್ದಾರೆ.

ನುಡಿ, ಬರಹ ಮೊದಲಾದವುಗಳ ಹಳೆಯ ಅಕ್ಷರಶೈಲಿಗಳನ್ನು ಇನ್ನೂ ಬಳಸುವವರಿಗೆ ಮತ್ತೊಂದು ಮಾತು. ಅವುಗಳಲ್ಲಿ ಯಂತ್ರದ ಒಳಗಿರುವುದು ಇಂಗ್ಲಿಷ್ ಅಕ್ಷರಗಳ ಸಂಕೇತ. ಮೇಲಿನದು ಕನ್ನಡದ ವೇಷ. ಟಿಪ್ಪಣಿಯ ಚೌಕಕ್ಕೆ ಆ ಶೈಲಿಯು ಒದಗದಿದ್ದರೆ, ಆಟ ಮುಗಿದ ಮೇಲೆ ಚೌಕಿಯಲ್ಲಿ ಕಿರೀಟ ಬಿಚ್ಚಿ ಕುಳಿತ ವೇಷಧಾರಿಯಂತೆ ಬರಿಯ ಇಂಗ್ಲಿಷ್ ಅಕ್ಷರಗಳು ಕಾಣುತ್ತವೆ. ಯೂನಿಕೋಡ್ ಕ್ರಮದಲ್ಲಿ ಬರೆದರೆ ಈ ತೊಡಕಿಲ್ಲ.

ಇಷ್ಟು ಯಂತ್ರದ ವಿಚಾರ. ಇನ್ನು ನನಗೆ ಇದನ್ನು ಕಲಿಸಿದ ಪ್ರಸಂಗವನ್ನು ಹೇಳಬೇಕು.

ಬೈಂದೂರಿನ ಒಳನಾಡಿನ ಒಂದು ಶಾಲೆಯಲ್ಲಿ ನಾನು ಕೆಲವು ವರ್ಷ ಕೆಲಸಮಾಡಿದ್ದೆನು. ಆ ಶಾಲೆಯ ನೆನಪಿನ ಸಂಚಿಕೆಯೊಂದಕ್ಕೆ ಬಂದ ಲೇಖನಗಳನ್ನು ನೋಡಿಕೊಡುವ ಭಾರವು ನನ್ನ ಮೇಲೆ ಬಿದ್ದಿತು. ನನ್ನ ಸ್ವಭಾವಕ್ಕೆ ಬಿಟ್ಟಿದ್ದರೆ ನೇರವಾಗಿ ತಿದ್ದಿಯೇ ಬಿಡುತ್ತಿದ್ದೆನು. ಆದರೆ ಕಡತವನ್ನು ಹಂಚಿದ ತರುಣರು, ನನಗೆ ಓದುವ ಮತ್ತು ಟಿಪ್ಪಣಿ ಬರೆಯುವ ಅಧಿಕಾರವನ್ನು ಕೊಟ್ಟು, ಮೂಲವನ್ನು ತಿದ್ದುವ ಅಧಿಕಾರವನ್ನು ತಡೆದಿದ್ದರು. ಗೂಗಲ್ ಡಾಕ್ಸ್‌ನಲ್ಲಿ ಇಂತಹ ವಿಭಾಗವುಂಟು. ಆ ದಿನ ನನಗೆ ಸಿಟ್ಟು ಬಂದುದು ಸತ್ಯ.

ಮುಂಬಯಿಯಲ್ಲಿ ನೆಲಸಿರುವ ಹಳೆಯ ಶಿಷ್ಯೆಯೊಬ್ಬಳು 1990ರ ದಶಕದ ತನ್ನ ಶಾಲಾದಿನಗಳ ವಿಚಾರವಾಗಿ ಬರೆದಿದ್ದಳು. ಅದರಲ್ಲಿ "ಸಂಕ ದಾಟಿ ಶಾಲೆಗೆ ಬರುತ್ತಿದ್ದೆ" ಎಂದಿತ್ತು. ನಾನು 'ಸಂಕ' ಎಂಬುದನ್ನು ಆರಿಸಿ, "ಗ್ರಾಮ್ಯ. ಸೇತುವೆ ಎಂದಿರಲಿ" ಎಂದು ಚೌಕದಲ್ಲಿ ಬರೆದೆನು. ಮರುದಿನ ಅದರ ಕೆಳಗೆ ಉತ್ತರವಿತ್ತು:

"ಮಾಷ್ಟ್ರೇ, ಅದ್ ಸೇತುವೆ ಅಲ್ಲ, ಸಂಕ. ಸೇತುವೆ ಇದ್ದಿದ್ರೆ ನಾನ್ ಮಳಿಗಾಲ್ದಗೆ ಶಾಲಿ ತಪ್ಪಿಸ್ತಿರ್ಲಿಲ್ಲ."

ನಮ್ಮ ಕಡೆಯವರಲ್ಲದ ವಾಚಕರಿಗೆ ಹೇಳಬೇಕು: ಹಳ್ಳದ ಮೇಲೆ ಅಡಕೆಮರದ ಎರಡು ಮೂರು ಕಾಂಡಗಳನ್ನು ಅಡ್ಡಹಾಕಿ ಬಿಗಿದು, ಕೈಗೆ ಆಧಾರವಾಗಿ ಒಂದು ಬಿದಿರನ್ನು ಕಟ್ಟಿದರೆ ಅದು ಕಾಲುಸಂಕ. ಆಷಾಢದ ಮಳೆಯಲ್ಲಿ ಮರವು ಪಾಚಿಗಟ್ಟಿ ಜಾರುತ್ತದೆ. ಕೆಳಗೆ ಕೆಂಪು ನೀರು ಮೊರೆಯುತ್ತದೆ. 2022ರ ಆಗಸ್ಟಿನಲ್ಲಿ ಬೈಂದೂರು ತಾಲೂಕಿನ ಕಾಲ್ತೋಡಿನಲ್ಲಿ ಶಾಲೆಯಿಂದ ಮನೆಗೆ ಮರಳುತ್ತಿದ್ದ ಎರಡನೆಯ ತರಗತಿಯ ಬಾಲಕಿಯೊಬ್ಬಳು ಇಂತಹ ಕಾಲುಸಂಕದಿಂದ ಬಿದ್ದು ಕೊಚ್ಚಿಹೋಗಿ ಮೃತಳಾದಳು.

ನನಗೆ ಆಕೆಯ ಹಾಜರಿಯು ನೆನಪಿತ್ತು. ಜೂನ್, ಜುಲೈ ತಿಂಗಳುಗಳಲ್ಲಿ ವಾರಕ್ಕೆ ಎರಡು ದಿನ ಗೈರು. ಸೋಮಾರಿಯೆಂದು ತರಗತಿಯ ಮುಂದೆ ನಿಲ್ಲಿಸಿ ಬೈದಿದ್ದೆನು; ಒಮ್ಮೆ ಬೆತ್ತವನ್ನೂ ಎತ್ತಿದ್ದೆನು. ಮನೆಗೂ ಶಾಲೆಗೂ ನಡುವೆ ಏನಿದೆಯೆಂದು ಕೇಳಿರಲಿಲ್ಲ. ಈ ಸಂಗತಿಯನ್ನು ಆಕೆ ಲೇಖನದಲ್ಲಿ ಬರೆದಿರಲಿಲ್ಲ. ನನ್ನ ಮೇಲಿನ ಗೌರವದಿಂದ ಬಿಟ್ಟಿದ್ದಳೆಂದು ತೋರುತ್ತದೆ. ತಿದ್ದುವ ಅಧಿಕಾರವು ನನಗಿದ್ದಿದ್ದರೆ 'ಸಂಕ'ವು ಸದ್ದಿಲ್ಲದೆ 'ಸೇತುವೆ'ಯಾಗಿ, ಅಚ್ಚಾಗಿ, ಓದಿದವರೆಲ್ಲರೂ ಆ ಮಗುವು ಒಣಗಾಲಿನಲ್ಲಿ ಶಾಲೆಗೆ ಬಂದಳೆಂದೇ ತಿಳಿಯುತ್ತಿದ್ದರು.

ನಾನು ಕೆಳಗೆ ಉತ್ತರ ಬರೆದೆನು: "ಸಂಕವೇ ಇರಲಿ. ಆಗ ನಾನು ಕೇಳಬೇಕಾಗಿತ್ತು. ತಪ್ಪಾಯಿತು, ಮಗಾ." ಇಷ್ಟು ಬರೆಯುವುದಕ್ಕೆ ನನಗೆ ಅರ್ಧ ಗಂಟೆ ಹಿಡಿಯಿತು.

ಬ್ರಹ್ಮಾವರದ ಸೋದರಿಗೆ ಈಗ ಉತ್ತರ ಹೇಳುವುದು ಸುಲಭ. ಮಗನು ಹದಿನೇಳು ಚೌಕಗಳನ್ನೂ ಓದಲಿ. ಒಪ್ಪಿಗೆಯಾದಲ್ಲಿ ಮೂಲವನ್ನು ತಾನೇ ತಿದ್ದಲಿ. ಒಪ್ಪಿಗೆಯಾಗದಲ್ಲಿ ಕಾರಣವನ್ನು ವಿನಯದಿಂದ ಚೌಕದಲ್ಲಿಯೇ ಬರೆಯಲಿ. ಅದು ಅವಿಧೇಯತೆಯಲ್ಲ, ಒಳ್ಳೆಯ ಗುರುವು ಅದನ್ನೇ ಎದುರು ನೋಡುತ್ತಿರುತ್ತಾನೆ. ವಿಚಾರವು ಮುಗಿದ ಚೌಕಕ್ಕೆ ರಿಸಾಲ್ವ್ ಎಂಬ ಗುಂಡಿಯುಂಟು. ಅದನ್ನು ಒತ್ತಿದರೆ ಟಿಪ್ಪಣಿಯು ಬದಿಗೆ ಸರಿಯುವುದೇ ಹೊರತು ನಾಶವಾಗುವುದಿಲ್ಲ. ಪೂರ್ತಿ ತೆಗೆಯಬೇಕಾದರೆ ಡಿಲೀಟ್ ಒತ್ತಬೇಕು. ಈ ಭೇದವನ್ನು ತಿಳಿಯದೆ, ಬೈಗುಳದ ಟಿಪ್ಪಣಿಗಳಿರುವ ಕಡತವನ್ನೇ ಪರರಿಗೆ ಕಳುಹಿಸಿ ಮುಖ ಕೆಡಿಸಿಕೊಂಡವರುಂಟು. ಮುದ್ರಿಸುವಾಗಲೂ ಹಾಗೆಯೇ: ವರ್ಡ್‌ನಲ್ಲಿ ಪ್ರಿಂಟ್ ಮಾರ್ಕಪ್ ಎಂಬಲ್ಲಿರುವ ಗುರುತನ್ನು ತೆಗೆಯದಿದ್ದರೆ ಟಿಪ್ಪಣಿಗಳೂ ಕಾಗದದ ಮೇಲೆ ಅಚ್ಚಾಗಿ ಬರುತ್ತವೆ. ಕಡತದ ಎರಡು ಪ್ರತಿಗಳನ್ನಿಟ್ಟುಕೊಂಡು, ಹೊರಗೆ ಕೊಡುವುದರಲ್ಲಿ ಎಲ್ಲವನ್ನೂ ಅಳಿಸಿ, ಮನೆಯದರಲ್ಲಿ ಉಳಿಸಿಕೊಳ್ಳುವುದು ಕ್ಷೇಮ.

ನಮ್ಮ ಸಂಚಿಕೆಯು 'ಸಂಕ'ವೆಂದೇ ಅಚ್ಚಾಯಿತು. ಅಚ್ಚಿಗೆ ಹೋದ ಪ್ರತಿಯಲ್ಲಿ ಟಿಪ್ಪಣಿಗಳಿಲ್ಲ. ನನ್ನ ಬಳಿಯ ಪ್ರತಿಯಲ್ಲಿ ಮಿಕ್ಕವೆಲ್ಲವನ್ನೂ ಮುಗಿದವೆಂದು ಗುರುತಿಸಿದ್ದೇನೆ. ಆ ಒಂದು ಚೌಕವು ಮಾತ್ರ ಇನ್ನೂ ತೆರೆದೇ ಇದೆ.