ವಿಡಿಯೋ ಸರ್ವರ್: ಬೆಲೆ ಕೇಳುವ ಮೊದಲು

ಶಾಲಾ ಗ್ರಂಥಾಲಯಕ್ಕೆ ವಿಡಿಯೋ ಸರ್ವರ್ ಬೇಕೆಂಬ ಮಾತು ಪಿ.ಟಿ.ಎ. ಸಭೆಯಲ್ಲಿ ಬಂದಾಗ ಮೊದಲ ಪ್ರಶ್ನೆ, "ಎಷ್ಟಾಗುತ್ತದೆ?" ಗಡಿನಾಡಿನ ನಾವು ಅದಕ್ಕೂ ಮೊದಲು ಕೇಳಬೇಕಾದದ್ದು ಬೇರೆ ಇದೆ: ನಮ್ಮ ಕನ್ನಡ ಪಾಠಗಳು ಹತ್ತು ವರ್ಷದ ನಂತರವೂ ನಮ್ಮ ಕೈಯಲ್ಲಿ ಇರುತ್ತವೆಯೇ?

ಕಾಸರಗೋಡು 1956ರಲ್ಲಿ ಕೇರಳಕ್ಕೆ ಸೇರಿತು. ನಮ್ಮ ಮಕ್ಕಳು ಕೇರಳದ ಪಠ್ಯಕ್ರಮವನ್ನು ಕನ್ನಡದಲ್ಲಿ ಓದುತ್ತಾರೆ. ಕರ್ನಾಟಕದ ವಿಡಿಯೋಗಳು ನಮ್ಮ ಪುಸ್ತಕಕ್ಕೆ ಹೊಂದುವುದಿಲ್ಲ, ಮಲಯಾಳದವು ಭಾಷೆಗೆ ಹೊಂದುವುದಿಲ್ಲ. 2020ರ ಜೂನ್ 1ರಂದು ವಿಕ್ಟರ್ಸ್ ವಾಹಿನಿಯಲ್ಲಿ 'ಫಸ್ಟ್ ಬೆಲ್' ಶುರುವಾದ ಮೇಲೆ ನಮ್ಮ ಅಧ್ಯಾಪಕರೇ ಕನ್ನಡದಲ್ಲಿ ಪಾಠ ತಯಾರಿಸಬೇಕಾಯಿತು. ಪಠ್ಯಪುಸ್ತಕ ಬದಲಾದರೂ ವ್ಯಾಕರಣದ ಪಾಠ, ವಿಜ್ಞಾನದ ಪ್ರಯೋಗ ಹಳತಾಗುವುದಿಲ್ಲ. ಅವು ಕಳೆದುಹೋದರೆ ಬೇರೆಲ್ಲಿಂದ ತರುವುದು?

"ಯೂಟ್ಯೂಬ್ ಉಚಿತವಲ್ಲವೇ?" ಎನ್ನುವವರಿದ್ದಾರೆ. ಲೆಕ್ಕ ನೋಡೋಣ. ಸೆಕೆಂಡಿಗೆ 1 ಮೆಗಾಬಿಟ್ ವೇಗದ 40 ನಿಮಿಷದ ಪಾಠ ಸುಮಾರು 300 ಎಂ.ಬಿ. ಆಗುತ್ತದೆ. 20 ಮಕ್ಕಳು ಬೇರೆ ಬೇರೆಯಾಗಿ ನೋಡಿದರೆ 6 ಜಿ.ಬಿ. ಇಂಟರ್ನೆಟ್ ಖರ್ಚು. ಪಾಠ ಶಾಲೆಯ ಸರ್ವರಿನಲ್ಲೇ ಇದ್ದರೆ ಆ ಖರ್ಚಿಲ್ಲ, ಇಂಟರ್ನೆಟ್ ಕೈಕೊಟ್ಟ ದಿನವೂ ತರಗತಿ ನಿಲ್ಲುವುದಿಲ್ಲ. 1 ಟಿ.ಬಿ. ಡಿಸ್ಕಿನಲ್ಲಿ ಇಂಥ ಮೂರು ಸಾವಿರ ಪಾಠ ಹಿಡಿಯುತ್ತವೆ.

ಆದ್ದರಿಂದ ಒಂದೇ ಕಂಪೆನಿಯ ತಂತ್ರಾಂಶದಲ್ಲಿ ಮಾತ್ರ ತೆರೆಯುವ ಸರ್ವರ್ ನಮಗೆ ಬೇಡ. ಫ್ಲ್ಯಾಶ್‌ಗೆ 2020ರ ಡಿಸೆಂಬರ್ 31ರಂದು ಬೆಂಬಲ ನಿಂತಾಗ ಅದನ್ನೇ ನಂಬಿದ್ದ ಪಾಠಗಳ ಗತಿ ಏನಾಯಿತೆಂದು ನೋಡಿದ್ದೇವೆ. ವಿಡಿಯೋಗಳನ್ನು ಎಚ್.264 ಎಂಪಿ4 ರೂಪದಲ್ಲಿ ಇಟ್ಟರೆ ಹೆಚ್ಚುಕಡಿಮೆ ಎಲ್ಲ ಮೊಬೈಲುಗಳಲ್ಲೂ ನೇರ ಓಡುತ್ತವೆ. ಪ್ರತಿಸಲ ರೂಪ ಬದಲಿಸುವ ಕೆಲಸ ಇಲ್ಲದ್ದರಿಂದ ಹಳೆಯ ಕಂಪ್ಯೂಟರೂ ಸಾಕು. ಜೆಲ್ಲಿಫಿನ್‌ನಂಥ ಸ್ವತಂತ್ರ ತಂತ್ರಾಂಶ ಲಿನಕ್ಸಿನಲ್ಲಿ ನಡೆಯುತ್ತದೆ, ಲೈಸೆನ್ಸ್ ಹಣ ಬೇಡ. ಕೇರಳದ ಶಾಲೆಗಳಿಗೆ ಲಿನಕ್ಸ್ ಹೊಸತೂ ಅಲ್ಲ.

ಪಾಠದ ಹೆಸರುಗಳನ್ನು ಯೂನಿಕೋಡ್ ಕನ್ನಡದಲ್ಲೇ ಬರೆಯಬೇಕು. 'ವಿಡಿಯೋ 17' ಎಂದಿಟ್ಟ ಪಾಠವನ್ನು ಯಾವ ಮಗುವೂ ಹುಡುಕಿ ನೋಡಲಾರದು.

ಸರ್ವರ್ ಕೂರಿಸಿದ ಅಧ್ಯಾಪಕರಿಗೆ ವರ್ಗವಾದರೆ ಮುಂದೇನು ಎಂಬುದೂ ಮುಖ್ಯ. ಕನಿಷ್ಠ ಇಬ್ಬರಿಗೆ ಕೆಲಸ ಗೊತ್ತಿರಲಿ, ಪಾಸ್‌ವರ್ಡ್ ಮುಖ್ಯೋಪಾಧ್ಯಾಯರ ಕಪಾಟಿನಲ್ಲಿರಲಿ, ಎಲ್ಲ ಪಾಠಗಳ ಇನ್ನೊಂದು ಪ್ರತಿ ಬೇರೆ ಡಿಸ್ಕಿನಲ್ಲಿ ಬೇರೆ ಕಡೆ ಇರಲಿ. ಹೆತ್ತವರು ಮುಂದಿನ ಸಭೆಯಲ್ಲಿ ಬೆಲೆಯ ಜತೆ ಈ ಮೂರನ್ನೂ ಕೇಳಬೇಕೆಂದು ನಮ್ಮ ವಿನಂತಿ.